ಬಟ್ಟೆಕಲ್ಲಿನ ನೀರು ಎಲ್ಲಿಗೆ ಹೋಗುತ್ತದೆ? ಮನೆಯಲ್ಲೇ ಸಾಬೂನು ಮಾಡುವವರು ಮಾತಾಡಿ

ನೀರ್ಚಾಲಿನ ಮನೆ:

ನಮ್ಮದು ಕಾಸರಗೋಡಿನ ನೀರ್ಚಾಲಿನ ಹತ್ತಿರ ಸಣ್ಣ ಅಡಿಕೆ ತೋಟದ ಮನೆ. ಬಟ್ಟೆಕಲ್ಲಿನ ನೀರು ಕಣಿಯಲ್ಲಿ ಹರಿದು ಬಾಳೆಬುಡಕ್ಕೆ, ಅಲ್ಲಿಂದ ಕೆಸುವಿನ ಹಿಂಡಿಗೆ ಹೋಗುತ್ತದೆ. ಅಮ್ಮ 30 ವರ್ಷ ಅದೇ ಕಲ್ಲಿನಲ್ಲಿ ಬಾರ್ ಸಾಬೂನು ಉಜ್ಜಿ ಒಗೆದಿದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಗೆ ಎಲೆ ಅಲ್ಲಿಂದಲೇ ಬರುತ್ತಿತ್ತು.

ಮೂರು ವರ್ಷದ ಹಿಂದೆ ಬಟ್ಟೆ ಒಗೆಯುವ ಮೆಶಿನ್ ತಂದೆವು. ಅದರ ಪೈಪನ್ನೂ ಅದೇ ಕಣಿಗೆ ಬಿಟ್ಟೆವು. ಮರುವರ್ಷ ಮಾರ್ಚ್ ಹೊತ್ತಿಗೆ ಬಾಳೆ ಎಲೆಯ ಅಂಚು ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಕೆಸು ಅಂಗೈಯಷ್ಟೂ ಅಗಲ ಬರಲಿಲ್ಲ. ರೋಗ ಇರಬೇಕು ಅಂತ ಆ ಬಾಳೆ ಕಡಿದೆವು. ಪಕ್ಕದ ಮರಿಬಾಳೆಗೂ ಹಾಗೇ ಆಯಿತು. ಮುಂದಿನ ಬೇಸಿಗೆಯಲ್ಲಿ ಪೈಪನ್ನು ಬೇರೆ ಕಡೆಗೆ ತಿರುಗಿಸಿ ನೋಡಿದೆ. ಆಮೇಲೆ ಬಂದ ಎಲೆಗಳು ಶುದ್ಧವಾಗಿ ಬಿಚ್ಚಿಕೊಂಡವು.

ನಾವು ಕಣ್ಣಳತೆಯಲ್ಲಿ ಸೋಪು ಹುಡಿ ಸುರಿಯುತ್ತಿದ್ದೆವು. ಹುಡಿಯಲ್ಲಿ ಸೋಡಾ, ಸೋಡಿಯಂ ಉಪ್ಪುಗಳು ಜಾಸ್ತಿ. ಮಳೆಗಾಲದಲ್ಲಿ ಅದು ತೊಳೆದು ಹೋಗುತ್ತದೆ. ಡಿಸೆಂಬರಿನಿಂದ ಮೇ ತನಕ ಬುಡದಲ್ಲೇ ಸೇರುತ್ತಾ ಹೋಗುತ್ತದೆ. ಕಣಿಯಿಂದ ಸ್ವಲ್ಪ ಕೆಳಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದ ನೀರು ಬೀಳುವ ಮದಕ, ಅಂದರೆ ಸಣ್ಣ ಕೆರೆ ಇದೆ. ಕುಡಿಯಲು ಅದೇ ನೀರು. ಅದನ್ನು ನೆನೆದಾಗ ಸುಮ್ನೆ ಕೂರಲು ಆಗಲಿಲ್ಲ.

ಈಗ ಎಂಟು ತಿಂಗಳಿಂದ ಸಾಬೂನು ನಾನೇ ಮಾಡುತ್ತಿದ್ದೇನೆ. ತೆಂಗಿನೆಣ್ಣೆ, ಕಾಸ್ಟಿಕ್ ಸೋಡಾ, ನೀರು, ಇಷ್ಟೇ. ಬೇರೆಯವರು ಹೇಗೆ ಮಾಡುತ್ತೀರಿ? ಮೆಶಿನ್‌ಗೆ ಏನು ಹಾಕುತ್ತೀರಿ? ದಯವಿಟ್ಟು ಕೈಯಾರೆ ಮಾಡಿ ನೋಡಿದ್ದನ್ನೇ ಬರೆಯಿರಿ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಕಬೇಡಿ.

ಬದಿಯಡ್ಕದ ಹೊಸ ಅಮ್ಮ:

ಅಕ್ಕಾ, ಅಳತೆ ಹೇಳಿ. ನನ್ನ ಮಗುವಿಗೆ ಆರು ತಿಂಗಳು. ಬಟ್ಟೆ ತಾಗುವಲ್ಲೆಲ್ಲ ಕೆಂಪು ಗುಳ್ಳೆ ಬರುತ್ತದೆ. ಡಾಕ್ಟರು ಪರಿಮಳದ ಹುಡಿ ಬಿಡಿ ಅಂದರು. ಇನ್ನೊಂದು ವಿಷಯ. ಕಾಸ್ಟಿಕ್ ಹಾಕುವುದಾದರೆ ಅದೂ ಕೆಮಿಕಲ್ ಅಲ್ವಾ? ಅದು ಹೇಗೆ ನೈಸರ್ಗಿಕ ಆಗುತ್ತದೆ?

ನೀರ್ಚಾಲಿನ ಮನೆ:

ಕಾಸ್ಟಿಕ್ ಖಂಡಿತ ಕೆಮಿಕಲ್. ಅದೂ ಕೈ ಸುಡುವ ಕೆಮಿಕಲ್. ಆದರೆ ಅದು ಎಣ್ಣೆಯ ಜೊತೆ ಸೇರಿ ಪೂರ್ತಿ ಸಾಬೂನಾಗಿ ಬದಲಾಗುತ್ತದೆ. ಅಳತೆ ಸರಿಯಿದ್ದರೆ ಕೊನೆಗೆ ಕಾಸ್ಟಿಕ್ ಉಳಿಯುವುದಿಲ್ಲ. ಅಳತೆ ತಪ್ಪಿದರೆ ಉಳಿಯುತ್ತದೆ, ಅದೇ ಅಪಾಯ. ಹಾಗಾಗಿ ಚಮಚ, ಲೋಟದ ಲೆಕ್ಕ ಬೇಡ. ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

1 ಕಿಲೋ ತೆಂಗಿನೆಣ್ಣೆಗೆ 180 ಗ್ರಾಂ ಕಾಸ್ಟಿಕ್ ಸೋಡಾ, 360 ಗ್ರಾಂ ನೀರು. ಎಣ್ಣೆಯನ್ನೂ ತೂಕ ಮಾಡಿಯೇ ತೆಗೆದುಕೊಳ್ಳಿ, ಲೀಟರ್ ಲೆಕ್ಕ ಹಿಡಿಯಬೇಡಿ. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ.

ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಮುಖಕ್ಕೆ ಚಿಮ್ಮುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ ಕದಡಿದರೆ ನೀರು ತಾನಾಗಿ ಕುದಿಯುವ ಹತ್ತಿರಕ್ಕೆ ಬಿಸಿಯಾಗುತ್ತದೆ, ಹೊಗೆ ಏಳುತ್ತದೆ. ಅಂಗಳದಲ್ಲೇ ಮಾಡಿ, ಗಾಳಿಗೆ ಬೆನ್ನು ಹಾಕಿ ನಿಲ್ಲಿ. ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಬೇಕು. ಉಗುರು ಬಿಸಿಗೆ ಇಳಿದ ಮೇಲೆ ಅದನ್ನು ಎಣ್ಣೆಗೆ ನಿಧಾನ ಸುರಿದು ಕಡೆಯಿರಿ. ಕೈಯಲ್ಲಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಹಾಕಿ. ತೆಂಗಿನೆಣ್ಣೆಯ ಸಾಬೂನು ಬೇಗ ಕಲ್ಲಾಗುತ್ತದೆ. ಐದಾರು ಗಂಟೆಯೊಳಗೆ ಕತ್ತರಿಸದಿದ್ದರೆ ಕತ್ತಿಯ ಅಡಿಯಲ್ಲಿ ಪುಡಿಪುಡಿಯಾಗುತ್ತದೆ. ನನ್ನ ಮೊದಲ ಸಲದ್ದು ಹಾಗೇ ಆಯಿತು. ಕತ್ತರಿಸಿದ ತುಂಡುಗಳನ್ನು ನೆರಳಲ್ಲಿ ನಾಲ್ಕು ವಾರ ಒಣಗಲು ಬಿಡಿ.

ಮಗುವಿನ ಬಟ್ಟೆಗೆ ನಾಲ್ಕು ವಾರ ಪೂರ್ತಿ ಆದದ್ದನ್ನೇ ಬಳಸಿ, ಎರಡು ನೀರು ಜಾಸ್ತಿ ತೊಳೆಯಿರಿ. ನೀವು ಮಗು ಎತ್ತಿಕೊಂಡು ಈ ಕೆಲಸ ಮಾಡಲೇಬೇಡಿ. ನಿಮಗೆ ಎರಡು ತುಂಡು ನಾನೇ ಕೊಡುತ್ತೇನೆ.

ಪೆರ್ಲದ ಅತ್ತೆ:

ಪಾತ್ರೆಯ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ತಪ್ಪು ನಾನು ಮಾಡಿದ್ದೇನೆ. ಹಳೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ಕಾಸ್ಟಿಕ್ ಕದಡಿದೆ. ಬುಸುಬುಸು ನೊರೆ ಉಕ್ಕಿತು, ಪಾತ್ರೆ ಕಪ್ಪಾಯಿತು. ಆಮೇಲೆ ಮಗ ಹೇಳಿದ, ಅದರಲ್ಲಿ ಏಳುವುದು ಬೆಂಕಿ ಹಿಡಿಯುವ ಹೈಡ್ರೋಜನ್ ಗ್ಯಾಸ್ ಅಂತ. ಪಕ್ಕದಲ್ಲೇ ಹಂಡೆಯ ಒಲೆ ಉರಿಯುತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ಸ್ಟೀಲು ಪಾತ್ರೆ ಮಾತ್ರ ಬಳಸಿ. ಅದನ್ನು ಮತ್ತೆ ಅಡುಗೆಗೆ ತರಬೇಡಿ.

ಅಚ್ಚಿಗೆ ದುಡ್ಡು ಹಾಕಬೇಡಿ. ಅಡಿಕೆ ಹಾಳೆಯನ್ನು ಮಡಚಿ ಕಡ್ಡಿ ಚುಚ್ಚಿದರೆ ಒಳ್ಳೆಯ ತಟ್ಟೆ ಆಗುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಹಾಕಿ ನೋಡಿದ್ದೆ, ನಾರಿಗೆ ಅಂಟಿ ಬಿಡುವುದೇ ಇಲ್ಲ.

ಮುಳ್ಳೇರಿಯ ಅಡಿಕೆ:

ಒಂದು ನೇರ ಪ್ರಶ್ನೆ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಎಣ್ಣೆಯನ್ನು ಬಟ್ಟೆ ಒಗೆಯಲು ಸುರಿಯುವುದಾ? ನನಗೆ ಮನಸ್ಸು ಒಪ್ಪುವುದಿಲ್ಲ.

ನೀರ್ಚಾಲಿನ ಮನೆ:

ನನಗೂ ಒಪ್ಪುವುದಿಲ್ಲ. ತಿನ್ನುವ ಎಣ್ಣೆಯಲ್ಲಿ ನಾನು ಮಾಡುವುದೂ ಇಲ್ಲ. ಡಬ್ಬದ ಅಡಿಯಲ್ಲಿ ಉಳಿದು ಕಮಟು ವಾಸನೆ ಬಂದ ಎಣ್ಣೆ ಇರುತ್ತದಲ್ಲ, ಅದೇ ನನ್ನ ಸಾಬೂನಿಗೆ. ಮುಗ್ಗಿದ ಕೊಬ್ಬರಿಯನ್ನು ಬೇರೆ ಆರಿಸಿಟ್ಟು, ವರ್ಷಕ್ಕೊಮ್ಮೆ ಮಿಲ್ಲಿಗೆ ಕೊಟ್ಟು ಆ ಎಣ್ಣೆಯನ್ನು ಬೇರೆ ಡಬ್ಬದಲ್ಲಿ ಇಡುತ್ತೇನೆ. ಕಮಟು ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಅಚ್ಚು ಮೊದಲೇ ತಯಾರಿರಲಿ. ವಾಸನೆ ಒಣಗುವಾಗ ತುಂಬಾ ಕಡಿಮೆಯಾಗುತ್ತದೆ.

ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಕಾಯಿಸಿ ಉಳಿದ ಎಣ್ಣೆಯನ್ನೂ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಆದರೆ ಅದು ಯಾವ ಎಣ್ಣೆ ಎಂದು ತಿಳಿದಿರಬೇಕು.

ಕುಂಬಳೆ ಟೀಚರ್:

ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತಿ. ಮೇಲಿನ ಕೊನೆಯ ಸಾಲನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತುಂಬಾ ಮುಖ್ಯ.

ಪ್ರತಿ ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ ಬೇರೆ. 1 ಕಿಲೋ ತೆಂಗಿನೆಣ್ಣೆ ಸುಮಾರು 183 ಗ್ರಾಂ ಕಾಸ್ಟಿಕ್ ಹಿಡಿಯುತ್ತದೆ. ತಾಳೆಎಣ್ಣೆ ಸುಮಾರು 142 ಗ್ರಾಂ. ಸೂರ್ಯಕಾಂತಿ ಎಣ್ಣೆ ಸುಮಾರು 135 ಗ್ರಾಂ ಮಾತ್ರ. ತೆಂಗಿನೆಣ್ಣೆಯ ಲೆಕ್ಕವನ್ನೇ ಸೂರ್ಯಕಾಂತಿಗೆ ಹಿಡಿದರೆ ಕಿಲೋಗೆ 45 ಗ್ರಾಂ ಕಾಸ್ಟಿಕ್ ಬರಿದೇ ಉಳಿದುಬಿಡುತ್ತದೆ. ಬಟ್ಟೆ ಹರಿಯುತ್ತದೆ, ಕೈ ಸುಲಿಯುತ್ತದೆ. ಬೆರಕೆ ಎಣ್ಣೆಯಾದರೆ ಕಡಿಮೆ ಲೆಕ್ಕವನ್ನೇ ಹಿಡಿಯಿರಿ. ಸಾಬೂನು ಮೆತ್ತಗೆ, ಜಿಡ್ಡಾಗಿ ಬರಬಹುದು, ಆದರೆ ಸುಡುವುದಿಲ್ಲ.

ನಮ್ಮ ತೆಂಗಿನೆಣ್ಣೆಗೆ ಒಂದು ವಿಶೇಷ ಗುಣವಿದೆ. ಅದರಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಹಾಗಾಗಿ ತಣ್ಣೀರಿನಲ್ಲೂ ಬೇಗ ನೊರೆ ಬರುತ್ತದೆ, ಉಪ್ಪುನೀರಿನಲ್ಲೂ ಬರುತ್ತದೆ. ಹಡಗಿನವರು ಕಡಲ ನೀರಿನಲ್ಲಿ ಬಳಸುತ್ತಿದ್ದ ಸಾಬೂನು ತೆಂಗಿನೆಣ್ಣೆಯದ್ದು. ಮೈಗೆ ಇದು ಒಣ ಒಣ ಎನಿಸಬಹುದು. ಬಟ್ಟೆಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಉಪ್ಪಳ ಕಡಲಕರೆ:

ಟೀಚರೇ, ನಮ್ಮ ಬಾವಿ ಕಡಲಿನಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಬೇಸಿಗೆಯಲ್ಲಿ ನೀರು ಸವುಳು. ಮನೆ ಸಾಬೂನು ಹಾಕಿದರೆ ಬಾಲ್ದಿಯ ಸುತ್ತ ಬಿಳಿ ಗಷ್ಟು ಅಂಟುತ್ತದೆ. ಕಪ್ಪು ಬಟ್ಟೆಯ ಮೇಲೂ ಕಾಣುತ್ತದೆ. ಮೆಶಿನ್ ಕೆಡುತ್ತದಾ?

ಕುಂಬಳೆ ಟೀಚರ್:

ಆ ಗಷ್ಟು ಬರುವುದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಅವು ಸಾಬೂನನ್ನು ಹಿಡಿದು ಕರಗದ ಗಷ್ಟಾಗಿ ಮಾಡುತ್ತವೆ. ಅಂಗಡಿಯ ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ. ಈ ಒಂದು ವಿಷಯದಲ್ಲಿ ಅದು ಮೇಲು ಎಂದು ಒಪ್ಪಲೇಬೇಕು. ನೀವು ಮೊದಲು ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಕಾಲು ಗಂಟೆ ಬಿಡಿ, ಆಮೇಲೆ ಸಾಬೂನು ಹಾಕಿ. ಕೈಯಲ್ಲಿ ಒಗೆಯುವುದಾದರೆ ಸಾಕಾಗುತ್ತದೆ. ಮೆಶಿನ್‌ನಲ್ಲಿ ಬೇಸಿಗೆಯ ಮೂರು ತಿಂಗಳು ಪರಿಮಳವಿಲ್ಲದ ಡಿಟರ್ಜೆಂಟನ್ನೇ ಅರ್ಧ ಅಳತೆಗೆ ಹಾಕಿ. ಮಳೆಗಾಲದಲ್ಲಿ ಸಾಬೂನಿಗೆ ಬನ್ನಿ. ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೀರು ಮೆದು. ಅವರಿಗೆ ವರ್ಷವಿಡೀ ನಡೆಯುತ್ತದೆ.

ಮುಳ್ಳೇರಿಯ ಅಡಿಕೆ:

ಸೋಡಾ ಅಂದರೆ ಹಪ್ಪಳಕ್ಕೆ ಹಾಕುವ ಸೋಡಾ ಆಗುತ್ತದಾ?

ಪೆರ್ಲದ ಅತ್ತೆ:

ಆಗುವುದಿಲ್ಲ. ಮೂರು ಸೋಡಾ ಇದೆ. ತಿಂಡಿಗೆ ಹಾಕುವುದು ಅಡುಗೆ ಸೋಡಾ, ಅದು ತುಂಬಾ ಸೌಮ್ಯ. ಬಟ್ಟೆಗೆ ಹಾಕುವುದು ವಾಷಿಂಗ್ ಸೋಡಾ, ಅದು ಖಾರ, ಅಂದರೆ ಕ್ಷಾರ ಗುಣ ಜಾಸ್ತಿ. ಸಾಬೂನು ಮಾಡುವುದು ಕಾಸ್ಟಿಕ್ ಸೋಡಾ, ಅದು ಸುಡುತ್ತದೆ. ಮೂರೂ ಬೆಳ್ಳಗೆ. ಮೂರನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಕಾಸ್ಟಿಕ್ ಡಬ್ಬದ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡದಾಗಿ ಬರೆದು ಬೀಗದೊಳಗೆ ಇಡಿ. ಕೆಲಸಕ್ಕೆ ಬರುವವರಿಗೂ ತಿಳಿಯಬೇಕು.

ಪಡ್ರೆಯ ಹತ್ತಿರದವಳು:

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಕಡೆ ಕೆಮಿಕಲ್ ಎಂಬ ಮಾತು ಬಂದರೆ ಗೇರು ತೋಟದ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ನೆನಪಾಗುತ್ತದೆ. 20 ವರ್ಷಕ್ಕೂ ಜಾಸ್ತಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸುರಂಗದ ಬಾಯಿ, ತೋಡು, ತೆರೆದ ಬಾವಿ, ಎಲ್ಲದಕ್ಕೂ ಅದು ಬಿದ್ದಿದೆ. ಹಾಸಿಗೆ ಹಿಡಿದ ಮಕ್ಕಳನ್ನು ಸಾಕಿದ ತಾಯಂದಿರು ನಮ್ಮ ನೆರೆಕರೆಯಲ್ಲೇ ಇದ್ದಾರೆ.

ಅದಕ್ಕೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಬೇರೆ ಕಡೆ ಇಂಥ ಚರ್ಚೆಯಲ್ಲಿ ಕೆಲವರು ಸೋಪು ಹುಡಿಯೂ ಎಂಡೋಸಲ್ಫಾನ್ ಥರವೇ ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಅದು ನರಗಳಿಗೆ ಹೊಡೆಯುವ ವಿಷ. ಹುಡಿಯ ತೊಂದರೆಯೇ ಬೇರೆ. ಹೆದರಿಸಿ ಸಾಬೂನು ಮಾಡಿಸಿದರೆ ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಆದರೆ ನೀರಿನ ವಿಷಯದಲ್ಲಿ ನಮ್ಮ ಊರಿಗೆ ಜಾಸ್ತಿ ಎಚ್ಚರ ಇದೆ, ಅದು ನಿಜ. ನಮ್ಮ ಮನೆಯಲ್ಲಿ ಮದಕದ ಮೇಲಿನ ಮಗ್ಗುಲಲ್ಲಿ ಯಾರೂ ಬಟ್ಟೆ ಒಗೆಯುವಂತಿಲ್ಲ. ಅಜ್ಜನ ಕಾಲದ ನಿಯಮ.

ನೀರ್ಚಾಲಿನ ಮನೆ:

ನೀವು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಆ ಹೋಲಿಕೆ ಇಲ್ಲಿ ಬೇಡ.

ನಿಮ್ಮ ಅಜ್ಜನ ನಿಯಮ ಸಾಬೂನಿನ ಬದಲು ಬಳಸುವ ಅಂಟುವಾಳಕ್ಕೂ ಸಲ್ಲುತ್ತದೆ. ಮರದಲ್ಲಿ ಬಿಡುವ ಕಾಯಿ, ಅದಕ್ಕೆ ಎಲ್ಲಿ ಬೇಕಾದರೂ ತೊಳೆಯಬಹುದು ಎಂದುಕೊಳ್ಳುತ್ತಾರೆ. ಅಂಟುವಾಳದ ನೊರೆ ಮೀನಿಗೆ ವಿಷ. ಹಿಂದೆ ಮೀನು ಹಿಡಿಯಲು ಅದನ್ನು ಜಜ್ಜಿ ನೀರಿಗೆ ಹಾಕುತ್ತಿದ್ದವರೂ ಇದ್ದರು. ತೋಡಿನಲ್ಲಿ, ಮೀನಿರುವ ಮದಕದಲ್ಲಿ ಅಂಟುವಾಳ ಹಾಕಿ ಒಗೆಯಬೇಡಿ. ಮಣ್ಣಿಗೆ ಬಿಟ್ಟರೆ ತೊಂದರೆ ಇಲ್ಲ.

ಬದಿಯಡ್ಕದ ಹೊಸ ಅಮ್ಮ:

ಅಂಟುವಾಳದಲ್ಲೇ ಎಲ್ಲಾ ಬಟ್ಟೆ ಒಗೆಯಬಹುದಾ? ಅದಾದರೆ ಕಾಸ್ಟಿಕ್ ಗೊಡವೆ ಇಲ್ಲವಲ್ಲ.

ಪೆರ್ಲದ ಅತ್ತೆ:

ಆಗುವುದಿಲ್ಲಮ್ಮ. ರೇಷ್ಮೆ ಸೀರೆ, ಉಣ್ಣೆ, ಬಣ್ಣ ಬಿಡುವ ಕೈಮಗ್ಗದ ಸೀರೆ, ಬಂಗಾರ, ಇವಕ್ಕೆ ಅದರಷ್ಟು ಒಳ್ಳೆಯದು ಇಲ್ಲ. ಸಾಬೂನು ಖಾರ, ರೇಷ್ಮೆಗೆ ಆಗಿಬರುವುದಿಲ್ಲ. ಅಂಟುವಾಳಕ್ಕೆ ಆ ಖಾರ ಇಲ್ಲ. ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಸಿ, ಬೆಳಿಗ್ಗೆ 20 ನಿಮಿಷ ಕುದಿಸಿ ಸೋಸಿ. ಒಂದು ಬಾಲ್ದಿಗೆ ಅರ್ಧ ಲೋಟ ಸಾಕು. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ ನಿಲ್ಲುತ್ತದೆ.

ಬಿಳಿ ಪಂಚೆಗೆ ಹಾಕಿದರೆ ನಾಲ್ಕೈದು ಒಗೆತದಲ್ಲಿ ಮಾಸಲು ಬಣ್ಣ ಬರುತ್ತದೆ. ತೋಟದ ಬಟ್ಟೆಯ ಕೊಳೆಗೆ ಅದರ ಬಲ ಸಾಲದು. ಹಿಂದಿನವರು ಸುಮ್ನೆ ಬೂದಿನೀರಿನಲ್ಲಿ ಬಟ್ಟೆ ಬೇಯಿಸುತ್ತಿದ್ದರಾ? ಮಡಿವಾಳರು ಉಬ್ಬೆ ಹಾಕುತ್ತಿದ್ದದ್ದು ಅದಕ್ಕೇ. ಬೂದಿಯ ಖಾರ ಬೇಕೇ ಬೇಕು.

ಮುಳ್ಳೇರಿಯ ಅಡಿಕೆ:

ತೋಟದ ಬಟ್ಟೆಯ ಮಾತು ಬಂತಲ್ಲ, ನನ್ನ ಕಷ್ಟ ಹೇಳುತ್ತೇನೆ. ಹಸಿ ಅಡಿಕೆ ಸುಲಿದ ದಿನ ಅಂಗಿಗೆ ಅದರ ರಸದ ಚೊಗರು ಹಿಡಿಯುತ್ತದೆ. ಮನೆ ಸಾಬೂನು ಹಚ್ಚಿದರೆ ಕಲೆ ಇನ್ನೂ ಕಪ್ಪಾಗುತ್ತದೆ. ನಮ್ಮದು ಬೋರ್ ನೀರು. ಸಾಬೂನು ಸರಿ ಆಗಲಿಲ್ಲವಾ?

ಕುಂಬಳೆ ಟೀಚರ್:

ಸಾಬೂನು ಸರಿಯಾಗಿಯೇ ಇದೆ. ಚೊಗರಿನಲ್ಲಿರುವುದು ಟ್ಯಾನಿನ್. ಖಾರ ತಾಗಿದರೆ ಅದು ಗಾಢವಾಗಿ ಬಟ್ಟೆಗೆ ಕೂರುತ್ತದೆ. ಬೋರ್ ನೀರಿನಲ್ಲಿ ಕಬ್ಬಿಣ ಇದ್ದರೆ ಕಪ್ಪೇ ಆಗುತ್ತದೆ. ಹಳೆ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದು ಟ್ಯಾನಿನ್ ಮತ್ತು ಕಬ್ಬಿಣ ಸೇರಿಸಿಯೇ. ನೀವು ಅಂಗಿಯ ಮೇಲೆ ಶಾಯಿ ತಯಾರು ಮಾಡಿದಂತಾಯಿತು.

ಸಾಬೂನು ತಾಗುವ ಮೊದಲು ಹುಳಿ ತಾಗಲಿ. ತಣ್ಣೀರಿನಲ್ಲಿ ಜಾಲಾಡಿಸಿ, ಬಿಂಬುಳಿ ಎಂಬ ಹುಳಿಕಾಯಿ ಜಜ್ಜಿ ಹಚ್ಚಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಕಬ್ಬಿಣದ ಕಲೆಯನ್ನು ಎಳೆದು ತೆಗೆಯುತ್ತದೆ. ಬಿಂಬುಳಿ ಇಲ್ಲದಿದ್ದರೆ ಲಿಂಬೆ. ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆದು, ಆಮೇಲೆ ಸಾಬೂನು. ಬಾಳೆ ರಸದ ಕರೆಗೆ ಹಸಿಯಿರುವಾಗಲೇ ತೆಂಗಿನೆಣ್ಣೆ ಉಜ್ಜಬೇಕು. ಗೇರು ಬೀಜದ ಸೊನೆಯ ಕಲೆ ಹೋಗುವುದಿಲ್ಲ.

ನೀರ್ಚಾಲಿನ ಮನೆ:

ತೋಟಕ್ಕೆ ಮೈಲುತುತ್ತಿನ ಔಷಧಿ ಬಿಟ್ಟ ದಿನದ ಬಟ್ಟೆಗೂ ಇದೇ ದಾರಿ. ಸುಣ್ಣ, ತಾಮ್ರದ ನೀಲಿ ಕಲೆ ಹುಳಿ ಮಜ್ಜಿಗೆಯಲ್ಲಿ ಬಿಡುತ್ತದೆ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಸೇರಿಸಬೇಡಿ. ಅದರ ಮೊದಲ ನೀರನ್ನು ನಾವು ತೋಟಕ್ಕೇ ಒಯ್ದು ಚೆಲ್ಲುತ್ತೇವೆ, ಬಟ್ಟೆಕಲ್ಲಿನ ಕಣಿಗೆ ಬಿಡುವುದಿಲ್ಲ.

ಉಪ್ಪಳ ಕಡಲಕರೆ:

ಸಾಬೂನಿನಲ್ಲಿ ಕಾಸ್ಟಿಕ್ ಉಳಿದಿದೆಯಾ ನೋಡಲು ಅರಿಶಿನ ಹಚ್ಚಿ, ಕೆಂಪಾದರೆ ಕೆಟ್ಟದು ಅಂತ ಒಬ್ಬರು ಹೇಳಿದರು. ನನ್ನದು ಕೆಂಪಾಯಿತು. ಎಸೆಯಬೇಕಾ?

ಕುಂಬಳೆ ಟೀಚರ್:

ಎಸೆಯಬೇಡಿ. ಅರಿಶಿನಕ್ಕೆ ಸ್ವಲ್ಪ ಖಾರ ಸಾಕು, ಕೆಂಪಾಗುತ್ತದೆ. ಸುಣ್ಣ ಸೇರಿದರೆ ಕುಂಕುಮ ಆಗುವುದಿಲ್ಲವೇ? ಒಳ್ಳೆಯ ಸಾಬೂನೂ ಖಾರವೇ, ಖಾರದ ಅಳತೆಯಾದ ಪಿಎಚ್ 9ರಿಂದ 10ರ ಆಸುಪಾಸು. ಹಾಗಾಗಿ ಅರಿಶಿನದಿಂದ ಒಳ್ಳೆಯದು ಕೆಟ್ಟದ್ದು ತಿಳಿಯುವುದಿಲ್ಲ. ಪಿಎಚ್ ಕಾಗದ ತಂದು ನೊರೆಗೆ ತಾಗಿಸಿ. 11ಕ್ಕಿಂತ ಮೇಲೆ ತೋರಿಸಿದರೆ ಇನ್ನೂ ಎರಡು ವಾರ ಇಟ್ಟು ನೋಡಿ. ಆಗಲೂ ಇಳಿಯದಿದ್ದರೆ ಬಟ್ಟೆಗೆ ಬೇಡ.

ಕಾಸ್ಟಿಕ್ ಮೈಗೆ ಬಿದ್ದರೆ ಲಿಂಬೆ, ವಿನೆಗರ್ ಹಚ್ಚಲು ಓಡಬೇಡಿ. ಹರಿಯುವ ನೀರಿನ ಅಡಿ 20 ನಿಮಿಷ ಹಿಡಿಯಿರಿ. ಕಣ್ಣಿಗಾದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಮಂಜೇಶ್ವರ ಬಿಟ್ಟು ಬೆಂಗಳೂರು ಸೇರಿದವ:

ನಮಗೆ ಫ್ಲಾಟಿನಲ್ಲಿ ಕಾಸ್ಟಿಕ್ ಕದಡುವ ಜಾಗ ಇಲ್ಲ. ನೆಲ ಒರೆಸಲು ಬಯೋ ಎಂಜೈಮ್ ಮಾಡುತ್ತೇನೆ. ಬೆಲ್ಲ 1 ಪಾಲು, ಹುಳಿಹಣ್ಣಿನ ಸಿಪ್ಪೆ 3, ನೀರು 10, ಮೂರು ತಿಂಗಳು. ಮೊದಲ ಸಲ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು ಅದು ರಾತ್ರಿ ಒಡೆಯಿತು. ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ. ಟಾಯ್ಲೆಟ್ಟಿಗೆ ಬ್ಲೀಚ್ ಹಾಕುವವರು ಇದನ್ನಾಗಲಿ ವಿನೆಗರ್ ಆಗಲಿ ಆಸಿಡ್ ಆಗಲಿ ಅದರ ಜೊತೆ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ನೀರ್ಚಾಲಿನ ಮನೆ:

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ನಮ್ಮೂರಿನವರೂ ಇದನ್ನು ಗಮನಿಸಿ. ಉಳಿದ ಪೌಡರನ್ನು ಬಚ್ಚಲಿಗೆ ಚೆಲ್ಲುವ ಅಭ್ಯಾಸ ಹಲವರಿಗೆ ಇದೆ.

ಮೆಶಿನ್ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ, ನನ್ನದನ್ನು ಬರೆಯುತ್ತೇನೆ. ಒಣಗಿದ ಸಾಬೂನನ್ನು ತುರಿದು, ತೂಕದಲ್ಲಿ ಅರ್ಧದಷ್ಟು ವಾಷಿಂಗ್ ಸೋಡಾ ಬೆರೆಸಿ ಡಬ್ಬದಲ್ಲಿ ಇಡುತ್ತೇನೆ. ಒಂದು ಸಲಕ್ಕೆ ಎರಡು ಚಮಚವನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕುತ್ತೇನೆ. ವಿನೆಗರನ್ನು ಇದರ ಜೊತೆಗೇ ಹಾಕಬಾರದು, ಸಾಬೂನು ಒಡೆದು ಎಣ್ಣೆ ಜಿಡ್ಡು ತೇಲುತ್ತದೆ. ಬೇಕಿದ್ದರೆ ಕೊನೆಯ ನೀರಿಗೆ ಸ್ವಲ್ಪ. ಆರು ತಿಂಗಳಲ್ಲಿ ಬೈರಾಸುಗಳು (ಟವೆಲ್ಲುಗಳು) ನೀರು ಹೀರುವುದು ಕಡಿಮೆ ಮಾಡಿದವು. ಕುದಿನೀರಿಗೆ ಸೋಡಾ ಹಾಕಿ ನೆನೆಸಿಟ್ಟ ಮೇಲೆ ಸರಿಯಾಯಿತು.

ಇದರಲ್ಲೂ ಸೋಡಿಯಂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲಿನಷ್ಟು ಸುರಿಯುತ್ತಿಲ್ಲ. ಈಗ ಪೈಪಿಗೆ ಮೂರು ಕಡೆ ಬಾಯಿ ಮಾಡಿದ್ದೇನೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬದಲಿಸುತ್ತೇನೆ, ಎರಡು ತೆಂಗಿನ ಬುಡ, ಒಂದು ಬಾಳೆ ಬುಡ. ತೆಂಗು ಉಪ್ಪನ್ನು ಬಾಳೆಗಿಂತ ಚೆನ್ನಾಗಿ ತಡೆಯುತ್ತದೆ. ಕೆಸುವಿಗೆ ಈಗ ಪಾತ್ರೆ ತೊಳೆದ ನೀರು ಮಾತ್ರ.

ಪಡ್ರೆಯ ಹತ್ತಿರದವಳು:

ಅಂಟುವಾಳದ ಗಿಡ ಯಾರ ಬಳಿಯಾದರೂ ಇದೆಯಾ? ನಮ್ಮ ಗುಡ್ಡದ ಬದಿಯಲ್ಲಿ ಎರಡು ನೆಡಬೇಕೆಂದಿದ್ದೇನೆ. ಕಾಯಿ ಬಿಡಲು ವರ್ಷಗಳು ಬೇಕು ಎಂದು ಗೊತ್ತು.

ಪೆರ್ಲದ ಅತ್ತೆ:

ಗಿಡ ಇಲ್ಲ, ಬೀಜ ಇದೆ. ಸಿಪ್ಪೆ ತೆಗೆದಾಗ ಉಳಿದದ್ದನ್ನು ತೊಳೆದು ಇಟ್ಟಿದ್ದೇನೆ, ಇಪ್ಪತ್ತು ಇಪ್ಪತ್ತೈದು ಇರಬಹುದು. ಬೀಜದ ಚಿಪ್ಪು ಬಲು ಗಟ್ಟಿ. ಒರಟು ಕಲ್ಲಿಗೆ ಒಂದು ಮಗ್ಗುಲು ಉಜ್ಜಿ, ಉಗುರು ಬಿಸಿ ನೀರಿನಲ್ಲಿ ಒಂದು ದಿನ ನೆನೆಸಿ ಹಾಕಿ. ಶನಿವಾರ ಪೆರ್ಲ ಪೇಟೆಗೆ ಬರುತ್ತೇನೆ. ಬದಿಯಡ್ಕದ ಅಮ್ಮನಿಗೂ ಬೇಕಿದ್ದರೆ ಹೇಳಲಿ, ಬೇರೆ ಕಟ್ಟಿ ತರುತ್ತೇನೆ.